ಕೆನಡಾದ ಮೂಲನಿವಾಸಿಗಳು: ಶಿಕ್ಷಣ ಮತ್ತು ಆರೋಗ್ಯ ಸೇವೆಗಳಲ್ಲಿ ವಸಾಹತು ನಿವಾರಣೆ ಹಾಗೂ ಸಾಮರಸ್ಯ – ಕನ್ನಡಿಗ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಉದ್ಯೋಗ, ಉನ್ನತ ವ್ಯಾಸಂಗ ಅಥವಾ ಕಾಯಂ ನೆಲೆಗಾಗಿ ಕೆನಡಾ ದೇಶಕ್ಕೆ ತೆರಳುವ ಕನ್ನಡಿಗರಲ್ಲಿ ಶುಶ್ರೂಷಕರು, ವೈದ್ಯರು ಮತ್ತು ಶಿಕ್ಷಕರೂ ಸೇರಿದ್ದಾರೆ. ವೃತ್ತಿ ನೋಂದಣಿ, ಶಾಲಾ ಪ್ರವೇಶ, ಆರೋಗ್ಯ ಸೇವೆ ಅಥವಾ ಪೌರತ್ವಕ್ಕಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಮೂಲನಿವಾಸಿ, ಒಪ್ಪಂದ, ರೆಸಿಡೆನ್ಶಿಯಲ್ ಶಾಲೆ, ಸಾಂಸ್ಕೃತಿಕ ಸುರಕ್ಷತೆ, ಸಾಮರಸ್ಯ ಮುಂತಾದ ಪದಗಳು ಅವರಿಗೆ ಪದೇ ಪದೇ ಎದುರಾಗುತ್ತವೆ. ಈ ಪದಗಳ ಹಿನ್ನೆಲೆಯನ್ನು ಅರಿಯದೆ ಅರ್ಜಿಯನ್ನು ಭರ್ತಿ ಮಾಡಿದಲ್ಲಿ ತಪ್ಪು ಮಾಹಿತಿ ನೀಡುವ ಸಂಭವವಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಶಾಲೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುವವರು ತಮ್ಮೆದುರು ಕುಳಿತ ಮಗುವಿನ ಅಥವಾ ರೋಗಿಯ ಅಂಜಿಕೆಯ ಕಾರಣವನ್ನು ತಿಳಿಯಲಾರದೆ ಹೋಗುತ್ತಾರೆ. ಈ ಹಿನ್ನೆಲೆಯಲ್ಲಿ ಅವಶ್ಯಕ ಮಾಹಿತಿಯನ್ನು ಇಲ್ಲಿ ಸರಳವಾಗಿ ವಿವರಿಸಲಾಗಿದೆ.

1. ಮೂಲನಿವಾಸಿಗಳು ಯಾರು?

ಯುರೋಪಿಯನ್ನರು ಬಂದು ನೆಲೆಸುವ ಮೊದಲೇ ಇಂದಿನ ಕೆನಡಾದ ಭೂಪ್ರದೇಶದಲ್ಲಿ ಬಾಳಿದ್ದ ಜನಾಂಗಗಳನ್ನೂ ಅವರ ವಂಶಸ್ಥರನ್ನೂ ಮೂಲನಿವಾಸಿಗಳೆಂದು ಕರೆಯಲಾಗುತ್ತದೆ. 1982ರ ಸಂವಿಧಾನ ಅಧಿನಿಯಮದ 35ನೇ ಪ್ರಕರಣವು ಇವರ ಹಕ್ಕುಗಳನ್ನು ಮಾನ್ಯ ಮಾಡಿದೆ. ಇವರಲ್ಲಿ ಮೂರು ಸಮೂಹಗಳಿವೆ.

(ಅ) ಫಸ್ಟ್ ನೇಷನ್ಸ್: ಕ್ರೀ, ಮಿಕ್ಮಾ, ಹೈಡಾ ಮೊದಲಾದ ಅನೇಕ ಜನಾಂಗಗಳು.
(ಆ) ಇನ್ಯೂಟ್: ಉತ್ತರದ ಹಿಮಪ್ರದೇಶದ ನಿವಾಸಿಗಳು.
(ಇ) ಮೇಟಿ: ಮೂಲನಿವಾಸಿ ಮತ್ತು ಯುರೋಪಿಯನ್ ಮನೆತನಗಳ ಸಂಬಂಧದಿಂದ ರೂಪುಗೊಂಡು, ತನ್ನದೇ ಆದ ಭಾಷೆ ಮತ್ತು ಸಂಸ್ಕೃತಿಯನ್ನು ಬೆಳೆಸಿಕೊಂಡ ಜನಾಂಗ.

2021ರ ಜನಗಣತಿಯ ಪ್ರಕಾರ ಮೂಲನಿವಾಸಿಗಳ ಸಂಖ್ಯೆ ಸುಮಾರು 18 ಲಕ್ಷ. ಇದು ದೇಶದ ಜನಸಂಖ್ಯೆಯ ಶೇಕಡ 5ರಷ್ಟು. ಇವರಲ್ಲಿ 70ಕ್ಕೂ ಹೆಚ್ಚು ಭಾಷೆಗಳು ಬಳಕೆಯಲ್ಲಿರುವುದು ಅದೇ ಗಣತಿಯಲ್ಲಿ ದಾಖಲಾಗಿದೆ.

ಭಾರತೀಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಕೆನಡಾದ ಕಾನೂನಿನಲ್ಲಿ ‘ಇಂಡಿಯನ್’ ಎಂಬ ಪದವು ಭಾರತೀಯರನ್ನು ಸೂಚಿಸುವುದಿಲ್ಲ. 1876ರಲ್ಲಿ ಜಾರಿಗೆ ಬಂದು, ಅನೇಕ ತಿದ್ದುಪಡಿಗಳೊಂದಿಗೆ ಇಂದಿಗೂ ಊರ್ಜಿತದಲ್ಲಿರುವ ಇಂಡಿಯನ್ ಆಕ್ಟ್ ಎಂಬ ಕಾಯಿದೆಯು ಫಸ್ಟ್ ನೇಷನ್ಸ್ ಜನರಿಗೆ ಸಂಬಂಧಿಸಿದ್ದು. ಆ ಕಾಯಿದೆಯಡಿ ನೋಂದಣಿಯಾದವರನ್ನು ಅರ್ಜಿ ನಮೂನೆಗಳಲ್ಲಿ ‘ಸ್ಟೇಟಸ್ ಇಂಡಿಯನ್’ ಎಂದು ಕರೆಯಲಾಗುತ್ತದೆ.

2. ಒಪ್ಪಂದಗಳು ಮತ್ತು ಸೇವೆಯ ಬಾಧ್ಯತೆ

1871ರಿಂದ 1921ರವರೆಗೆ ಬ್ರಿಟಿಷ್ ರಾಜಪ್ರಭುತ್ವದ ಹೆಸರಿನಲ್ಲಿ ಕೆನಡಾ ಸರ್ಕಾರವು ಫಸ್ಟ್ ನೇಷನ್ಸ್ ಜನರೊಂದಿಗೆ 11 ಸಂಖ್ಯಾಂಕಿತ ಒಪ್ಪಂದಗಳನ್ನು ಮಾಡಿಕೊಂಡಿತು. ವಿಸ್ತಾರವಾದ ಭೂಪ್ರದೇಶದಲ್ಲಿ ವಲಸಿಗರು ನೆಲೆಸಲು ಇವುಗಳಿಂದ ದಾರಿಯಾಯಿತು. ಪ್ರತಿಯಾಗಿ ಸರ್ಕಾರವು ಕೆಲವು ವಾಗ್ದಾನಗಳನ್ನು ನೀಡಿತು. ಉದಾಹರಣೆಗೆ, 1876ರ 6ನೇ ಒಪ್ಪಂದದಲ್ಲಿ ಮೀಸಲು ಪ್ರದೇಶದ ಜನರು ಬಯಸಿದಾಗ ಶಾಲೆಗಳನ್ನು ನಡೆಸುವ ವಾಗ್ದಾನವಿದೆ. ಜನರ ಉಪಯೋಗಕ್ಕಾಗಿ ಔಷಧ ಪೆಟ್ಟಿಗೆಯೊಂದನ್ನು ಇಡತಕ್ಕದ್ದೆಂಬ ಷರತ್ತೂ ಅದರಲ್ಲಿದೆ. ಸಿಡುಬು ಮತ್ತು ಕ್ಷಾಮಗಳಿಂದ ನೊಂದಿದ್ದ ಕ್ರೀ ನಾಯಕರು ಮುಂದಾಲೋಚನೆಯಿಂದ ಇಂತಹ ಷರತ್ತುಗಳಿಗಾಗಿ ಒತ್ತಾಯಿಸಿದ್ದರು.

ಆದುದರಿಂದ ಈ ಜನರ ದೃಷ್ಟಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸೇವೆಗಳು ಸರ್ಕಾರದ ಕೊಡುಗೆ ಅಥವಾ ರಿಯಾಯಿತಿ ಎನಿಸುವುದಿಲ್ಲ. ಭೂಮಿಗೆ ಪ್ರತಿಯಾಗಿ ಒಪ್ಪಿಕೊಂಡ ಬಾಧ್ಯತೆಗಳವು. ಬೇಡಿದ ಶಾಲೆ ಯಾವ ರೂಪದಲ್ಲಿ ಬಂದಿತು, ಬೇಡಿದ ಔಷಧ ಯಾವ ರೂಪದಲ್ಲಿ ದೊರೆಯಿತು ಎಂಬುದನ್ನು ಮುಂದಿನ ಎರಡು ಭಾಗಗಳಲ್ಲಿ ವಿವರಿಸಲಾಗಿದೆ.

3. ರೆಸಿಡೆನ್ಶಿಯಲ್ ಶಾಲೆಗಳು

ಕರ್ನಾಟಕದಲ್ಲಿ ವಸತಿ ಶಾಲೆ ಎಂದೊಡನೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಂತಹ, ಪೋಷಕರು ತಾವಾಗಿಯೇ ಅರ್ಜಿ ಸಲ್ಲಿಸಿ ಮಕ್ಕಳನ್ನು ಸೇರಿಸುವ ಸಂಸ್ಥೆಗಳು ನೆನಪಿಗೆ ಬರುತ್ತವೆ. ಕೆನಡಾದಲ್ಲಿ ಇದೇ ಅರ್ಥದ ಪದವು ತೀರ ಭಿನ್ನವಾದ ಇತಿಹಾಸವನ್ನು ಹೊತ್ತಿದೆ. ಈ ವ್ಯತ್ಯಾಸವನ್ನು ತೋರಿಸಲೆಂದೇ ಇಲ್ಲಿ ರೆಸಿಡೆನ್ಶಿಯಲ್ ಶಾಲೆ ಎಂಬ ಪದವನ್ನು ಉಳಿಸಿಕೊಳ್ಳಲಾಗಿದೆ.

1880ರ ದಶಕದಿಂದ ಆರಂಭಗೊಂಡು 1990ರ ದಶಕದ ಅಂತ್ಯದವರೆಗೆ ಈ ಶಾಲೆಗಳು ನಡೆದವು. ಸರ್ಕಾರವು ಹಣ ಒದಗಿಸುತ್ತಿತ್ತು. ಬಹುಕಾಲ ಕ್ರೈಸ್ತ ಚರ್ಚುಗಳು ಆಡಳಿತ ನಡೆಸುತ್ತಿದ್ದವು. 1920ರಲ್ಲಿ ಇಂಡಿಯನ್ ಆಕ್ಟ್‌ಗೆ ತಿದ್ದುಪಡಿ ತಂದು, ಮಕ್ಕಳನ್ನು ಶಾಲೆಗೆ ಕಳುಹಿಸುವಂತೆ ಪೋಷಕರನ್ನು ಬಲವಂತಪಡಿಸುವ ಅಧಿಕಾರವನ್ನು ಸರ್ಕಾರವು ಪಡೆದುಕೊಂಡಿತು. ಒಟ್ಟು 1,50,000ಕ್ಕೂ ಹೆಚ್ಚು ಮಕ್ಕಳು ಈ ಶಾಲೆಗಳಲ್ಲಿದ್ದರು. ಮಕ್ಕಳನ್ನು ಮನೆಯಿಂದ, ಭಾಷೆಯಿಂದ ಮತ್ತು ನಂಬಿಕೆಗಳಿಂದ ಬೇರ್ಪಡಿಸಿ ಬೇರೆ ಸಂಸ್ಕೃತಿಗೆ ಒಗ್ಗಿಸುವುದು ಈ ವ್ಯವಸ್ಥೆಯ ಘೋಷಿತ ಉದ್ದೇಶವಾಗಿತ್ತು. ಮಕ್ಕಳ ತಲೆಗೂದಲನ್ನು ಕತ್ತರಿಸಲಾಗುತ್ತಿತ್ತು; ಹೆಸರುಗಳನ್ನು ಬದಲಾಯಿಸಲಾಗುತ್ತಿತ್ತು; ಅನೇಕ ಶಾಲೆಗಳಲ್ಲಿ ಮಕ್ಕಳನ್ನು ಸಂಖ್ಯೆಗಳಿಂದ ಗುರುತಿಸಲಾಗುತ್ತಿತ್ತು. ತಾಯಿನುಡಿಯಲ್ಲಿ ಮಾತನಾಡಿದ್ದಕ್ಕೆ ಶಿಕ್ಷೆ ವಿಧಿಸಲಾಗುತ್ತಿತ್ತು. ದೈಹಿಕ ಮತ್ತು ಲೈಂಗಿಕ ದೌರ್ಜನ್ಯಗಳೂ ವ್ಯಾಪಕವಾಗಿ ನಡೆದವು. ಈ ಶಾಲೆಗಳಿಗೆ ಸಂಬಂಧಿಸಿದಂತೆ 4,000ಕ್ಕೂ ಹೆಚ್ಚು ಮಕ್ಕಳ ಮರಣಗಳು ಇದುವರೆಗೆ ದಾಖಲಾಗಿವೆ.

ಪರಿಣಾಮವು ಒಂದು ತಲೆಮಾರಿಗೆ ಸೀಮಿತವಾಗಲಿಲ್ಲ. ತಂದೆತಾಯಿಯರ ಆರೈಕೆಯನ್ನೇ ಕಾಣದೆ ಬೆಳೆದವರು ಮುಂದೆ ತಾವೇ ತಂದೆತಾಯಿಯರಾದರು. ಅಜ್ಜಿಯ ಮಾತು ಮೊಮ್ಮಗುವಿಗೆ ಅರ್ಥವಾಗದ ಸ್ಥಿತಿ ಅನೇಕ ಮನೆಗಳಲ್ಲಿ ಉಂಟಾಯಿತು. ಶಾಲೆಯ ಮಾಧ್ಯಮ ಯಾವ ಭಾಷೆಯಾಗಬೇಕೆಂಬುದನ್ನು ದೀರ್ಘಕಾಲ ಚರ್ಚಿಸಿರುವ ಕನ್ನಡಿಗರಿಗೆ ಈ ನಷ್ಟದ ಆಳವನ್ನು ಊಹಿಸುವುದು ಕಷ್ಟವಾಗಲಾರದು.

4. ಆರೋಗ್ಯ ಸೇವೆಯಲ್ಲಿ ನಡೆದ ಅನ್ಯಾಯ

ಶಾಲೆಗಳ ಇತಿಹಾಸವನ್ನೂ ಆರೋಗ್ಯದ ಇತಿಹಾಸವನ್ನೂ ಬೇರ್ಪಡಿಸಲಾಗದು. 1907ರಲ್ಲಿ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಡಾ. ಪೀಟರ್ ಬ್ರೈಸ್ ಅವರು ಪಶ್ಚಿಮ ಭಾಗದ ಶಾಲೆಗಳನ್ನು ಪರಿಶೀಲಿಸಿ ವರದಿ ಸಲ್ಲಿಸಿದರು. ಮಾಹಿತಿ ಒದಗಿಸಿದ 15 ಶಾಲೆಗಳಲ್ಲಿ ಓದಿದ್ದ 1,537 ಮಕ್ಕಳ ಪೈಕಿ ಸುಮಾರು ಕಾಲು ಭಾಗದಷ್ಟು ಮಕ್ಕಳು ಮೃತಪಟ್ಟಿದ್ದುದು ಅದರಿಂದ ತಿಳಿದುಬಂದಿತು. ಮುಖ್ಯ ಕಾರಣ ಕ್ಷಯರೋಗ. ಗಾಳಿಯಾಡದ, ಕಿಕ್ಕಿರಿದ ಕೊಠಡಿಗಳು ರೋಗ ಹರಡಲು ಅನುವು ಮಾಡಿಕೊಟ್ಟಿದ್ದವು. ಅವರು ಸೂಚಿಸಿದ ಸುಧಾರಣೆಗಳನ್ನು ಸರ್ಕಾರವು ಕೈಗೊಳ್ಳಲಿಲ್ಲ. ಸೇವೆಯಿಂದ ನಿವೃತ್ತರಾದ ಬಳಿಕ, 1922ರಲ್ಲಿ ಡಾ. ಬ್ರೈಸ್ ಅವರು ಈ ವಿಷಯವನ್ನು ಕಿರುಪುಸ್ತಕವಾಗಿ ಸ್ವತಃ ಪ್ರಕಟಿಸಿದರು.

1948ರಿಂದ 1952ರವರೆಗೆ ಆರು ರೆಸಿಡೆನ್ಶಿಯಲ್ ಶಾಲೆಗಳ ಮಕ್ಕಳ ಮೇಲೆ ಪೋಷಣೆಗೆ ಸಂಬಂಧಿಸಿದ ಪ್ರಯೋಗಗಳನ್ನು ನಡೆಸಲಾಯಿತು. ಮಕ್ಕಳು ಅರೆಹೊಟ್ಟೆಯಲ್ಲಿರುವುದು ತಿಳಿದಿದ್ದೂ ಪೋಷಕರ ಸಮ್ಮತಿಯನ್ನು ಪಡೆಯದೆ ಪ್ರಯೋಗ ಮುಂದುವರಿಯಿತು. 2013ರಲ್ಲಿ ಇತಿಹಾಸಕಾರ ಇಯಾನ್ ಮಾಸ್ಬಿ ಅವರ ಸಂಶೋಧನೆಯಿಂದ ಈ ಸಂಗತಿಯು ಸಾರ್ವಜನಿಕರ ಗಮನಕ್ಕೆ ಬಂದಿತು. ಮೂಲನಿವಾಸಿಗಳಿಗೆಂದೇ ಪ್ರತ್ಯೇಕ ‘ಇಂಡಿಯನ್ ಆಸ್ಪತ್ರೆ’ಗಳೂ ದಶಕಗಳ ಕಾಲ ನಡೆದವು. ಕ್ಷಯರೋಗದ ಚಿಕಿತ್ಸೆಗಾಗಿ ಇನ್ಯೂಟ್ ಜನರನ್ನು ಹಡಗುಗಳಲ್ಲಿ ದಕ್ಷಿಣದ ಆಸ್ಪತ್ರೆಗಳಿಗೆ ಸಾಗಿಸಲಾಯಿತು. ಮರಳಿ ಬಾರದವರ ಸಮಾಧಿ ಎಲ್ಲಿದೆಯೆಂಬುದು ಕೂಡ ಅನೇಕ ಕುಟುಂಬಗಳಿಗೆ ತಿಳಿಯಲಿಲ್ಲ. ಇದಕ್ಕಾಗಿ 2019ರ ಮಾರ್ಚ್ 8ರಂದು ಇಕಾಲುಯಿಟ್ ನಗರದಲ್ಲಿ ಪ್ರಧಾನಿಯವರು ಕ್ಷಮೆ ಕೋರಿದರು.

ಇದು ಕೇವಲ ಹಳೆಯ ಕಾಲದ ಮಾತಾಗಿ ಉಳಿದಿಲ್ಲ. 2008ರಲ್ಲಿ ವಿನ್ನಿಪೆಗ್ ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಗಾಲಿಕುರ್ಚಿಯಲ್ಲಿದ್ದ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ವ್ಯಕ್ತಿ 34 ಗಂಟೆಗಳ ಕಾಲ ಚಿಕಿತ್ಸೆಗಾಗಿ ಕಾದು, ಅಲ್ಲಿಯೇ ಮೃತಪಟ್ಟರು. ಅವರನ್ನು ಬಾಧಿಸುತ್ತಿದ್ದುದು ಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ಸೋಂಕು. 2020ರ ಸೆಪ್ಟೆಂಬರ್ 28ರಂದು ಕ್ವಿಬೆಕ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಜಾಯ್ಸ್ ಎಷಕ್ವಾನ್ ಎಂಬ ಏಳು ಮಕ್ಕಳ ತಾಯಿ ಮೃತಪಟ್ಟರು. ಸಿಬ್ಬಂದಿ ತಮ್ಮನ್ನು ನಿಂದಿಸುತ್ತಿದ್ದುದನ್ನು ಅವರು ಸಾವಿಗೆ ಸ್ವಲ್ಪ ಮುನ್ನ ಮೊಬೈಲ್ ಫೋನಿನಲ್ಲಿ ನೇರ ಪ್ರಸಾರ ಮಾಡಿದ್ದರು. ಜನಾಂಗೀಯ ಪೂರ್ವಗ್ರಹವು ಈ ಸಾವಿಗೆ ಕಾರಣಗಳಲ್ಲೊಂದೆಂದು 2021ರ ಅಧಿಕೃತ ಮರಣ ವಿಚಾರಣೆಯ ವರದಿಯಲ್ಲಿ ತಿಳಿಸಲಾಗಿದೆ. ಮೂಲನಿವಾಸಿಗಳಲ್ಲಿ ಅನೇಕರು ಕಾಯಿಲೆ ಉಲ್ಬಣಿಸುವವರೆಗೂ ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ಇಂತಹ ಅನುಭವಗಳು ಕಾರಣವಾಗಿವೆ.

5. ಸತ್ಯ ಮತ್ತು ಸಾಮರಸ್ಯ ಆಯೋಗ

ರೆಸಿಡೆನ್ಶಿಯಲ್ ಶಾಲೆಗಳಲ್ಲಿ ಓದಿ ಬದುಕುಳಿದವರು ನ್ಯಾಯಾಲಯಗಳಲ್ಲಿ ಹೂಡಿದ ದಾವೆಗಳ ಫಲವಾಗಿ 2007ರಲ್ಲಿ ಇತ್ಯರ್ಥ ಒಪ್ಪಂದವೊಂದು ಜಾರಿಗೆ ಬಂದಿತು. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಅವರು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಅದೇ ವರ್ಷ ಸ್ಥಾಪನೆಯಾದ ಸತ್ಯ ಮತ್ತು ಸಾಮರಸ್ಯ ಆಯೋಗವು ಮುಂದೆ ನ್ಯಾಯಮೂರ್ತಿ ಮರ್ರೇ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ ದೇಶದಾದ್ಯಂತ ಸಂಚರಿಸಿ 6,500ಕ್ಕೂ ಹೆಚ್ಚು ಜನರ ಹೇಳಿಕೆಗಳನ್ನು ಆಲಿಸಿತು. ಆಯೋಗದ ಅಂತಿಮ ವರದಿ 2015ರಲ್ಲಿ ಹೊರಬಂದಿತು. ರೆಸಿಡೆನ್ಶಿಯಲ್ ಶಾಲಾ ವ್ಯವಸ್ಥೆಯನ್ನು ಆಯೋಗವು ‘ಸಾಂಸ್ಕೃತಿಕ ನರಮೇಧ’ ಎಂದು ಕರೆಯಿತು.

ಆಯೋಗವು 94 ಶಿಫಾರಸುಗಳನ್ನು ಮಾಡಿದ್ದು, ಇವುಗಳನ್ನು ‘ಕಾರ್ಯಕ್ಕೆ ಕರೆ’ಗಳೆಂದು ಹೆಸರಿಸಿದೆ. ಈ ಪುಟದ ವಿಷಯಕ್ಕೆ ಸಂಬಂಧಿಸಿದ ಪ್ರಮುಖ ಶಿಫಾರಸುಗಳು ಹೀಗಿವೆ.

• 18ನೇ ಶಿಫಾರಸು: ಮೂಲನಿವಾಸಿಗಳ ಇಂದಿನ ಆರೋಗ್ಯ ಸ್ಥಿತಿಯು ಹಿಂದಿನ ಸರ್ಕಾರಗಳ ನೀತಿಗಳ ನೇರ ಪರಿಣಾಮವೆಂದು ಒಪ್ಪಿಕೊಳ್ಳುವುದು.
• 22ನೇ ಶಿಫಾರಸು: ರೋಗಿಗಳು ಕೋರಿದಲ್ಲಿ, ಹಿರಿಯರು ಮತ್ತು ಪಾರಂಪರಿಕ ವೈದ್ಯರ ಸಹಯೋಗದಲ್ಲಿ ಅವರ ಚಿಕಿತ್ಸಾ ಪದ್ಧತಿಗಳನ್ನು ಬಳಸುವುದು.
• 23 ಮತ್ತು 24ನೇ ಶಿಫಾರಸುಗಳು: ಆರೋಗ್ಯ ಕ್ಷೇತ್ರದಲ್ಲಿ ಮೂಲನಿವಾಸಿ ವೃತ್ತಿಪರರ ಸಂಖ್ಯೆಯನ್ನು ಹೆಚ್ಚಿಸುವುದು, ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾರ್ಥಿಗಳೆಲ್ಲರಿಗೂ ಈ ಇತಿಹಾಸದ ಪಾಠವನ್ನು ಕಡ್ಡಾಯಗೊಳಿಸುವುದು.
• 62ನೇ ಶಿಫಾರಸು: ಶಾಲೆಯ ಎಲ್ಲ ಹಂತಗಳಲ್ಲಿ ಮಕ್ಕಳ ವಯಸ್ಸಿಗೆ ತಕ್ಕಂತೆ ರೆಸಿಡೆನ್ಶಿಯಲ್ ಶಾಲೆಗಳು ಹಾಗೂ ಒಪ್ಪಂದಗಳ ಕುರಿತು ಬೋಧಿಸುವುದು.
• 93 ಮತ್ತು 94ನೇ ಶಿಫಾರಸುಗಳು: ಹೊಸದಾಗಿ ಬರುವ ವಲಸಿಗರಿಗೆ ನೀಡುವ ಮಾಹಿತಿಯನ್ನೂ ಪೌರತ್ವದ ಪ್ರತಿಜ್ಞಾವಚನವನ್ನೂ ಪರಿಷ್ಕರಿಸುವುದು.

ಕೊನೆಯ ಎರಡು ಶಿಫಾರಸುಗಳು ವಲಸೆ ಹೋಗುವ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದವು. 2021ರಲ್ಲಿ ಕಾನೂನು ತಿದ್ದುಪಡಿಯ ಮೂಲಕ ಪ್ರತಿಜ್ಞಾವಚನವನ್ನು ಬದಲಾಯಿಸಲಾಗಿದ್ದು, ಮೂಲನಿವಾಸಿಗಳ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುವುದಾಗಿ ಹೊಸ ಪೌರರು ಈಗ ವಚನ ನೀಡುತ್ತಾರೆ. ಎಲ್ಲ 94 ಶಿಫಾರಸುಗಳು ಇನ್ನೂ ಪೂರ್ಣವಾಗಿ ಅನುಷ್ಠಾನಗೊಂಡಿಲ್ಲ.

6. ವಸಾಹತು ನಿವಾರಣೆ ಎಂದರೇನು?

ವಸಾಹತು ಆಡಳಿತದ ಕಾಲದಲ್ಲಿ ರೂಪುಗೊಂಡ ನಿಯಮ, ಪಠ್ಯ, ಅಧಿಕಾರ ಮತ್ತು ಮನೋಭಾವಗಳನ್ನು ಗುರುತಿಸಿ ಬದಲಾಯಿಸುವ ಕಾರ್ಯವನ್ನು ವಸಾಹತು ನಿವಾರಣೆ ಎನ್ನಲಾಗುತ್ತದೆ. ಸೇವೆ ಹೇಗಿರಬೇಕೆಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಪಠ್ಯಪುಸ್ತಕಕ್ಕೆ ಒಂದು ಅಧ್ಯಾಯವನ್ನು ಸೇರಿಸಿ, ನಿರ್ಧಾರದ ಅಧಿಕಾರವನ್ನು ಮೊದಲಿನವರ ಕೈಯಲ್ಲಿಯೇ ಉಳಿಸಿದರೆ ಕಾರ್ಯವು ಪೂರ್ಣವಾಗುವುದಿಲ್ಲ. ಸಾಮರಸ್ಯವೆಂದರೆ ನಡೆದುದನ್ನು ಮರೆಯುವುದೆಂದೂ ಅರ್ಥವಲ್ಲ. ಸತ್ಯವನ್ನು ಒಪ್ಪಿಕೊಂಡು, ಹಾನಿಯನ್ನು ಸರಿಪಡಿಸಿ, ಪರಸ್ಪರ ಗೌರವದ ಸಂಬಂಧವನ್ನು ಮತ್ತೆ ಕಟ್ಟಿಕೊಳ್ಳುವುದು ಅದರ ತಿರುಳು.

ವಿಶ್ವಸಂಸ್ಥೆಯು 2007ರಲ್ಲಿ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯು ಇದಕ್ಕೆ ಆಧಾರವಾಗಿದೆ. ಸ್ವಂತ ಭಾಷೆಯಲ್ಲಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ಅದರ 14ನೇ ಅನುಚ್ಛೇದವೂ, ಪಾರಂಪರಿಕ ಔಷಧಗಳ ಹಕ್ಕನ್ನು 24ನೇ ಅನುಚ್ಛೇದವೂ ಮಾನ್ಯ ಮಾಡಿವೆ. ಆ ಸಂದರ್ಭದಲ್ಲಿ ಭಾರತವು ಘೋಷಣೆಯ ಪರವಾಗಿ ಮತ ನೀಡಿತು. ಕೆನಡಾ ವಿರುದ್ಧವಾಗಿ ಮತ ನೀಡಿತು. ತರುವಾಯ ಕೆನಡಾ ತನ್ನ ನಿಲುವನ್ನು ಬದಲಾಯಿಸಿಕೊಂಡು, 2021ರಲ್ಲಿ ಘೋಷಣೆಯ ಅನುಷ್ಠಾನಕ್ಕಾಗಿ ಕಾಯಿದೆಯನ್ನು ರಚಿಸಿತು.

7. ಶಿಕ್ಷಣ ಕ್ಷೇತ್ರದಲ್ಲಿನ ಬದಲಾವಣೆಗಳು

ನೋವಾ ಸ್ಕೋಷಿಯಾ ಪ್ರಾಂತ್ಯದ ಮಿಕ್ಮಾ ಸಮುದಾಯಗಳು 1990ರ ದಶಕದ ಅಂತ್ಯದಲ್ಲಿ ತಮ್ಮ ಶಾಲೆಗಳ ಆಡಳಿತವನ್ನು ಕಾನೂನುಬದ್ಧವಾಗಿ ತಮ್ಮ ಕೈಗೆ ಪಡೆದುಕೊಂಡವು. ಅಲ್ಲಿ ಪ್ರೌಢಶಿಕ್ಷಣವನ್ನು ಪೂರ್ಣಗೊಳಿಸುವ ವಿದ್ಯಾರ್ಥಿಗಳ ಪ್ರಮಾಣವು ಮೀಸಲು ಪ್ರದೇಶಗಳ ಇತರ ಶಾಲೆಗಳ ಸರಾಸರಿಗಿಂತ ಬಹಳ ಹೆಚ್ಚಾಗಿದೆ. ಅಧಿಕಾರವು ಸಮುದಾಯಕ್ಕೆ ಮರಳಿದಾಗ ಫಲಿತಾಂಶ ಹೇಗೆ ಬದಲಾಗಬಹುದೆಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ.

2016ರಿಂದ ವಿನ್ನಿಪೆಗ್ ವಿಶ್ವವಿದ್ಯಾಲಯ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮೂಲನಿವಾಸಿ ವಿಷಯಕ ವ್ಯಾಸಂಗವನ್ನು ಕಡ್ಡಾಯಗೊಳಿಸಲಾಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023–24ನೇ ಸಾಲಿನಿಂದ ಪ್ರೌಢಶಿಕ್ಷಣದ ಪ್ರಮಾಣಪತ್ರ ಪಡೆಯಲು ಇಂತಹ ಪಠ್ಯಕ್ರಮವೊಂದನ್ನು ಪೂರೈಸುವುದು ಅಗತ್ಯವಾಗಿದೆ. ಅಲ್ಲಿನ ಶಾಲೆಗಳಿಗೆ ಸೇರುವ ಕನ್ನಡಿಗರ ಮಕ್ಕಳಿಗೂ ಇದು ಅನ್ವಯಿಸುತ್ತದೆ. 2019ರಲ್ಲಿ ಮೂಲನಿವಾಸಿ ಭಾಷೆಗಳ ಪುನಶ್ಚೇತನಕ್ಕಾಗಿ ರಾಷ್ಟ್ರಮಟ್ಟದ ಕಾಯಿದೆಯೂ ರೂಪುಗೊಂಡಿತು. ಸೆಪ್ಟೆಂಬರ್ 30ನ್ನು 2021ರಿಂದ ರಾಷ್ಟ್ರೀಯ ಸತ್ಯ ಮತ್ತು ಸಾಮರಸ್ಯ ದಿನವನ್ನಾಗಿ ಆಚರಿಸಲಾಗುತ್ತಿದೆ. ಅಂದು ಶಾಲಾ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ಧರಿಸುವುದು ರೂಢಿ. ಅಜ್ಜಿ ಕೊಡಿಸಿದ ಕಿತ್ತಳೆ ಅಂಗಿಯನ್ನು ಶಾಲೆಗೆ ಸೇರಿದ ಮೊದಲ ದಿನವೇ ಕಳೆದುಕೊಂಡ ಫಿಲ್ಲಿಸ್ ವೆಬ್‌ಸ್ಟಾಡ್ ಅವರ ಬಾಲ್ಯದ ಅನುಭವದಿಂದ ಈ ಆಚರಣೆ ಹುಟ್ಟಿತು.

8. ಆರೋಗ್ಯ ಕ್ಷೇತ್ರದಲ್ಲಿನ ಬದಲಾವಣೆಗಳು

ಜೋರ್ಡನ್ ತತ್ವ: ಮ್ಯಾನಿಟೋಬ ಪ್ರಾಂತ್ಯದ ಕ್ರೀ ಜನಾಂಗದ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಮಗು ಹುಟ್ಟಿನಿಂದಲೇ ಆಸ್ಪತ್ರೆಯಲ್ಲಿತ್ತು. ಎರಡನೆಯ ವಯಸ್ಸಿನಲ್ಲಿ ಮನೆಯ ವಾತಾವರಣಕ್ಕೆ ಕಳುಹಿಸಬಹುದೆಂದು ವೈದ್ಯರು ತಿಳಿಸಿದರು. ಮನೆಯ ಆರೈಕೆಯ ವೆಚ್ಚವನ್ನು ಕೇಂದ್ರ ಸರ್ಕಾರ ಭರಿಸಬೇಕೋ ಪ್ರಾಂತ್ಯ ಸರ್ಕಾರ ಭರಿಸಬೇಕೋ ಎಂಬ ವಿವಾದವು ಎರಡು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಮಗುವು 2005ರಲ್ಲಿ, ಐದನೆಯ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿಯೇ ತೀರಿಕೊಂಡಿತು. ಮೊದಲು ಮಗುವಿಗೆ ಸೇವೆ, ಅನಂತರ ವೆಚ್ಚದ ಇತ್ಯರ್ಥ ಎಂಬ ತತ್ವವನ್ನು 2007ರಲ್ಲಿ ಸಂಸತ್ತಿನ ಕೆಳಮನೆ ಒಪ್ಪಿತು. ಇದನ್ನು ಪೂರ್ಣವಾಗಿ ಪಾಲಿಸುವಂತೆ ಮಾನವ ಹಕ್ಕುಗಳ ನ್ಯಾಯಮಂಡಳಿಯು 2016ರಲ್ಲಿ ಆದೇಶಿಸಿತು.

ಸಮುದಾಯದ ಆಡಳಿತ: ಬ್ರಿಟಿಷ್ ಕೊಲಂಬಿಯಾದಲ್ಲಿ ಫಸ್ಟ್ ನೇಷನ್ಸ್ ಜನರ ಆರೋಗ್ಯ ಕಾರ್ಯಕ್ರಮಗಳನ್ನು ಕೇಂದ್ರ ಸರ್ಕಾರದಿಂದ 2013ರಲ್ಲಿ ಅವರದೇ ಆದ ಫಸ್ಟ್ ನೇಷನ್ಸ್ ಆರೋಗ್ಯ ಪ್ರಾಧಿಕಾರಕ್ಕೆ ವರ್ಗಾಯಿಸಲಾಯಿತು.

ಸಾಂಸ್ಕೃತಿಕ ಸುರಕ್ಷತೆ: ನ್ಯೂಜಿಲೆಂಡಿನ ಮಾವೋರಿ ಶುಶ್ರೂಷಕಿಯರು ರೂಪಿಸಿದ ಈ ಪರಿಕಲ್ಪನೆಯ ಪ್ರಕಾರ, ಸೇವೆಯು ಗೌರವಯುತವಾಗಿತ್ತೇ ಎಂಬುದನ್ನು ತೀರ್ಮಾನಿಸುವವರು ರೋಗಿಗಳೇ ಹೊರತು ಸೇವೆ ನೀಡುವವರಲ್ಲ. ಕೆಲವು ಆಸ್ಪತ್ರೆಗಳಲ್ಲಿ ಮೂಲಿಕೆಗಳ ಧೂಪ ಹಾಕುವ ವಿಧಿಗೆ ಸ್ಥಳಾವಕಾಶ ಕಲ್ಪಿಸಲಾಗಿದ್ದು, ಹಿರಿಯರನ್ನು ರೋಗಿಯ ಬಳಿಗೆ ಕರೆಸಿಕೊಳ್ಳಲೂ ಅನುಮತಿಯಿದೆ.

ವೃತ್ತಿಸಂಸ್ಥೆಯ ಕ್ಷಮಾಯಾಚನೆ: ಕೆನಡಾದ ವೈದ್ಯಕೀಯ ಸಂಘವು ವೈದ್ಯವೃತ್ತಿಯಿಂದ ಮೂಲನಿವಾಸಿಗಳಿಗೆ ಆದ ಹಾನಿಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೋರಿತು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಅರ್ಜಿ ನಮೂನೆಯಲ್ಲಿ ‘ಇಂಡಿಯನ್’, ‘ಸ್ಟೇಟಸ್ ಇಂಡಿಯನ್’ ಅಥವಾ ಮೂಲನಿವಾಸಿ ಗುರುತಿನ ಕಲಂ ಇದ್ದಲ್ಲಿ, ಭಾರತೀಯ ಮೂಲದವರೆಂಬ ಕಾರಣಕ್ಕೆ ಅದರಲ್ಲಿ ಗುರುತು ಹಾಕಬಾರದು.
2) ಬ್ರಿಟಿಷ್ ಕೊಲಂಬಿಯಾದಲ್ಲಿ ಶುಶ್ರೂಷಕರಿಗೆ 2022ರಿಂದ ಸಾಂಸ್ಕೃತಿಕ ಸುರಕ್ಷತೆಯ ವೃತ್ತಿ ಮಾನದಂಡ ಅನ್ವಯಿಸುತ್ತದೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಶಿಕ್ಷಕರ ಗುಣಮಟ್ಟದ ನಿಯಮಗಳು 2019ರಿಂದ ಮೂಲನಿವಾಸಿಗಳ ಕುರಿತ ಮೂಲಭೂತ ತಿಳಿವಳಿಕೆಯನ್ನು ಅಪೇಕ್ಷಿಸುತ್ತವೆ. ನಿಯಮಗಳು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗಿರುವುದರಿಂದ ಆಯಾ ಪ್ರಾಂತ್ಯದ ನೋಂದಣಿ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.
3) ಪೌರತ್ವ ಸ್ವೀಕರಿಸುವವರು ಪ್ರತಿಜ್ಞಾವಚನದ ಅರ್ಥವನ್ನು ಮುಂಚಿತವಾಗಿ ತಿಳಿದುಕೊಳ್ಳುವುದು ಸೂಕ್ತ.
4) ತಾವು ನೆಲೆಸುವ ಊರು ಯಾವ ಜನಾಂಗದ ಪಾರಂಪರಿಕ ಭೂಮಿ, ಅಲ್ಲಿಗೆ ಯಾವ ಒಪ್ಪಂದ ಅನ್ವಯಿಸುತ್ತದೆ ಎಂಬುದನ್ನು ಸ್ಥಳೀಯ ಗ್ರಂಥಾಲಯ ಅಥವಾ ಶಾಲೆಯಿಂದ ತಿಳಿದುಕೊಳ್ಳಬಹುದು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು ಕೆನಡಾದ ಅರ್ಜಿಗಳಲ್ಲಿ ಮೂಲನಿವಾಸಿ ಎಂದು ನಮೂದಿಸಬಹುದೇ?
ಉತ್ತರ: ನಮೂದಿಸಬಾರದು. ಅಲ್ಲಿನ ಈ ಕಲಂ ಕೆನಡಾದ ಫಸ್ಟ್ ನೇಷನ್ಸ್, ಇನ್ಯೂಟ್ ಮತ್ತು ಮೇಟಿ ಜನರಿಗೆ ಸಂಬಂಧಿಸಿದ್ದು.

ಪ್ರಶ್ನೆ: ಮೂಲನಿವಾಸಿಗಳಿಗೆ ಸರ್ಕಾರದಿಂದ ಎಲ್ಲವೂ ಉಚಿತವೇ?
ಉತ್ತರ: ಇದು ತಪ್ಪು ತಿಳಿವಳಿಕೆ. ಕೆಲವು ಸೌಲಭ್ಯಗಳು ನೋಂದಾಯಿತ ಫಸ್ಟ್ ನೇಷನ್ಸ್ ಮತ್ತು ಇನ್ಯೂಟ್ ಜನರಿಗೆ ಮಾತ್ರ ದೊರೆಯುತ್ತವೆ. 2ನೇ ಭಾಗದಲ್ಲಿ ತಿಳಿಸಿದಂತೆ, ಇವುಗಳನ್ನು ಒಪ್ಪಂದಗಳ ಹಿನ್ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬೇಕು.

ಪ್ರಶ್ನೆ: ಇತ್ತೀಚೆಗೆ ಬಂದು ನೆಲೆಸಿದವರು ಹಿಂದಿನ ಅನ್ಯಾಯಗಳಿಗೆ ಹೊಣೆಗಾರರೇ?
ಉತ್ತರ: ಹಿಂದಿನ ಕೃತ್ಯಗಳಿಗಾಗಿ ಹೊಸಬರನ್ನು ಯಾರೂ ದೂಷಿಸುವುದಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯ ಮೂಲದವರಿಗೂ 1947ರವರೆಗೆ ಮತದಾನದ ಹಕ್ಕಿರಲಿಲ್ಲ. ನೋಂದಾಯಿತ ಫಸ್ಟ್ ನೇಷನ್ಸ್ ಜನರಿಗೆ ಸಂಸತ್ ಚುನಾವಣೆಗಳಲ್ಲಿ ಷರತ್ತಿಲ್ಲದ ಮತದಾನದ ಹಕ್ಕು ದೊರೆತುದು 1960ರಲ್ಲಿ. ಆದರೆ ಒಪ್ಪಂದಗಳಿಂದ ದೊರೆತ ಭೂಮಿಯ ಮೇಲೆ ಮನೆ, ಉದ್ಯೋಗ ಮತ್ತು ಶಾಲೆಗಳ ಪ್ರಯೋಜನವನ್ನು ಪಡೆಯುವವರು ಆ ಒಪ್ಪಂದಗಳ ಬಾಧ್ಯತೆಯಲ್ಲಿಯೂ ಪಾಲುದಾರರಾಗುತ್ತಾರೆ. ಪೌರತ್ವದ ಪ್ರತಿಜ್ಞೆಯು ಇದನ್ನೇ ನೆನಪಿಸುತ್ತದೆ.

ಪ್ರಶ್ನೆ: ಮೂಲನಿವಾಸಿ ರೋಗಿ ಅಥವಾ ಪೋಷಕರೊಂದಿಗೆ ವ್ಯವಹರಿಸುವಾಗ ಏನನ್ನು ಪಾಲಿಸಬೇಕು?
ಉತ್ತರ: ಅವರ ಮೌನ ಅಥವಾ ಹಿಂಜರಿಕೆಯನ್ನು ಅಸಹಕಾರವೆಂದು ಭಾವಿಸಬಾರದು. ಚಿಕಿತ್ಸೆ ಅಥವಾ ನಿರ್ಧಾರದ ಕಾರಣವನ್ನು ನಿಧಾನವಾಗಿ ವಿವರಿಸಿ ಸಮ್ಮತಿ ಪಡೆಯಬೇಕು. ಕುಟುಂಬದವರು ಅಥವಾ ಹಿರಿಯರು ಜೊತೆಗಿರಲು ಬಯಸಿದಲ್ಲಿ ಅವಕಾಶ ನೀಡಬೇಕು. ಮದ್ಯಪಾನ, ಬಡತನ ಮುಂತಾದವುಗಳ ಬಗ್ಗೆ ವಿಚಾರಿಸದೆ ಊಹೆ ಮಾಡಿಕೊಳ್ಳಬಾರದು.

ಮೂಲನಿವಾಸಿಗಳು ಶಾಲೆಯನ್ನಾಗಲಿ ಔಷಧವನ್ನಾಗಲಿ ಎಂದೂ ಬೇಡವೆಂದವರಲ್ಲ. ಒಪ್ಪಂದಗಳಲ್ಲಿ ಅವುಗಳನ್ನು ತಾವಾಗಿಯೇ ಕೇಳಿದವರು. ಗೌರವದಿಂದ ಕೂಡಿದ ಶಾಲೆ ಮತ್ತು ಭಯವಿಲ್ಲದೆ ಹೋಗಬಹುದಾದ ಆಸ್ಪತ್ರೆ ಅವರಿಗೆ ದೊರೆಯುವಂತಾಗುವುದರಲ್ಲಿ, ಅಲ್ಲಿ ಶಿಕ್ಷಕರಾಗಿ, ಶುಶ್ರೂಷಕರಾಗಿ ಅಥವಾ ಪೌರರಾಗಿ ಸೇರುವ ಕನ್ನಡಿಗರ ಪಾತ್ರವೂ ಇದೆ ಎಂಬುದನ್ನು ಅರ್ಜಿದಾರರು ಗಮನಿಸಲು ಕೋರಲಾಗಿದೆ.